ಶ್ರಾವಣ ಶನಿವಾರದ ಕ್ಯೂಬಾ

ನನ್ನ ಬಾಲ್ಯದ ಗೆಳೆಯ ಹದಿನೆಂಟು ವರ್ಷ ಹಡಗಿನ ಅಡುಗೆಮನೆಯಲ್ಲಿ ಬೆಂದು, ಕೆರಿಬಿಯನ್ ದ್ವೀಪಗಳ ಅಡುಗೆಯನ್ನೆಲ್ಲ ಕೈವಶ ಮಾಡಿಕೊಂಡು ಬಂದು, ಶಿರಾ ಬೈಪಾಸಿನಲ್ಲಿ ಕ್ಯೂಬಾ ಹೋಟೆಲು ತೆರೆದ. ಬಿರಿಯಾನಿಯ ಊರಿಗೆ ಕ್ಯೂಬಾ ಯಾಕೆ ಎಂದು ಕೇಳಬೇಕಾಗಿದ್ದ ಊರ ಮೇಷ್ಟ್ರಾದ ನಾನು ಪಂಚಾಂಗ ಬಿಡಿಸಿಕೊಂಡು ಕೂತಿದ್ದೆ.

"ಸೋಮವಾರದ ತನಕ ಹಡಗಿನಲ್ಲಿ ನನ್ನ ಕೆಲಸ ಹಂಗೇ ಇಟ್ಟಿರ್ತಾರೆ," ಅಂದಿದ್ದ. "ಮೊದಲ ದಿನ ನಮ್ಮೋರಿಗೆ ರುಚಿ ಹತ್ತಿದ್ರೆ ಇಲ್ಲೇ ನಿಲ್ತೀನಿ. ಇಲ್ಲಾಂದ್ರೆ ಮತ್ತೆ ನೀರಿನ ಮೇಲೇ."

ನಾನು ಹುಡುಕಿಕೊಟ್ಟ ಗೋಧೂಳಿ ಲಗ್ನಕ್ಕೆ ಗುರುಬಲವಿತ್ತು, ಚಂದ್ರಬಲವಿತ್ತು. ಅದು ಶ್ರಾವಣ ಶನಿವಾರ, ನಮ್ಮ ಕಡೆ ಯಾರೂ ಮಾಂಸ ಮುಟ್ಟದ ದಿನ, ಎಂಬ ಅಲ್ಪ ಸಂಗತಿ ಆ ಬಲಗಳ ಗದ್ದಲದಲ್ಲಿ ನನ್ನ ಕಣ್ಣು ತಪ್ಪಿಸಿಕೊಂಡಿತು. ಅವನ ತಾಯಿ ಹೇಳುವಷ್ಟರಲ್ಲಿ ಕಾರ್ಡು ಹಂಚಿಯಾಗಿತ್ತು. ಇಟ್ಟ ಮುಹೂರ್ತ ಮುಂದೂಡುವುದು ಅದಕ್ಕಿಂತ ದೊಡ್ಡ ಪಾಪ. "ಹೋಟ್ಲಲ್ಲಿ ಯಾವ ಶನಿವಾರ ಬುಡು," ಅಂತ ಗೆಳೆಯನೂ ನಾನೂ ಧೈರ್ಯ ತಂದುಕೊಂಡೆವು.

ಸಂಭ್ರಮಕ್ಕೇನೂ ಕೊರತೆಯಿರಲಿಲ್ಲ. ಗೋಡೆಗೆ ಹಳದಿ, ನೀಲಿ ಬಣ್ಣ; ಒಂದು ಗೋಡೆ ತುಂಬ ಸಮುದ್ರದ ಚಿತ್ರ; ಸ್ಪೀಕರಿನಲ್ಲಿ ಕಹಳೆ, ಡೋಲು. ಗೌಡಗೆರೆಯ ಅವನ ಮಾವ ಆ ಕ್ಯೂಬಾ ಹಾಡಿಗೆ ತಮಟೆ ಏಟಿನ ಹೆಜ್ಜೆ ಹಾಕಿ ಎಲ್ಲರನ್ನೂ ಎಬ್ಬಿಸಿದರು. ಆಮೇಲೆ ಹೊಗೆಯಲ್ಲಿ ಸುಟ್ಟ ಮಸಾಲೆ ಕೋಳಿ ಬಂತು. ಕುಣಿಯುತ್ತಿದ್ದ ಮಾವ ನಿಂತರು.

"ಏನ್ಲಾ ಇದು, ಶ್ರಾವಣ ಶನಿವಾರ ಕೋಳಿ ಇಕ್ತೀಯಾ?"

"ದಿನ ನೋಡ್ದೋರು ಮೇಷ್ಟ್ರು, ಮಾವ."

ಎಲ್ಲರೂ ನನ್ನತ್ತ ತಿರುಗಿದರು. ನಾನು ಗೋಡೆಯ ಸಮುದ್ರವನ್ನು ಗಂಭೀರವಾಗಿ ಅವಲೋಕಿಸಿದೆ.

ಉಳಿದದ್ದು ಕಪ್ಪು ಕಾಳಿನ ಅನ್ನ, ಕರಿದ ಬಾಳೆ. ಪಾವಗಡದ ಅತ್ತೆ ಒಂದು ತುತ್ತು ತಿಂದು, "ಇದಿ ಮನ ಅಲಸಂದಲ ಅನ್ನಮೇ ಕದರಾ! ನಮ್ಮ ಅಲಸಂದೆ ಅನ್ನಕ್ಕೆ ಹಡಗು ಹತ್ತಬೇಕಿತ್ತಾ?" ಅಂತ ತೆಲುಗು ಬೆರೆಸಿ ಅಂದರು.

"ಬಾಳೆ ಬಜ್ಜಿಗೆ ಕಡ್ಲೆಹಿಟ್ಟೇ ಹಚ್ಚಿಲ್ಲ ಕಣಮ್ಮ. ಪಾಪ, ಮರ್ತವ್ನೆ," ಅಂತ ಪಕ್ಕದವರು ಸೇರಿಸಿದರು.

ಅಷ್ಟರಲ್ಲಿ ಹಾಡು ಕೇಳಿ ಹೈವೇಯಿಂದ ಒಂದು ಸಂಸಾರ ಒಳಗೆ ಬಂತು. ಶನಿವಾರದ ಹಂಗಿಲ್ಲದ ಜನ, ಕೋಳಿಯನ್ನೇ ಕೇಳಿದರು. ಗೆಳೆಯ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತ. ಅವರು ಒಂದೊಂದು ತುಂಡು ತಿಂದರು, ಒಂದು ಜಗ್ಗು ನೀರು ಕುಡಿದರು, ಮೊಸರು ಇದೆಯಾ ಅಂದರು.

ನಾನು ಒಳಗೆ ಹೋದೆ. "ಉಪ್ಪು ನೋಡಿದ್ಯೇನೋ?"

"ಹೆಂಗೆ ನೋಡ್ಲಿ?" ಅಂದ. ಒಲೆ ಪಕ್ಕದ ಕುರ್ಚಿಯಲ್ಲಿ ಅವನ ತಾಯಿ ಒಪ್ಪತ್ತು ಹಿಡಿದು ಕೂತಿದ್ದರು. "ಅವ್ವನ ಎದುರಿಗೆ ಇವತ್ತು ಕೋಳಿ ನಾಲಿಗೆಗೆ ಹಚ್ಚೋಕಾಯ್ತದಾ?"

ನಾನು ಒಂದು ಚೂರು ರುಚಿ ನೋಡಬಹುದಿತ್ತು. ನನಗೂ ಶನಿವಾರವೇ.

"ಹಾಡು ಚೆನ್ನಾಗಿತ್ತು ಕಣ್ಲಾ, ನಾಳೆ ಬರ್ತೀವಿ ಬುಡು," ಅಂತ ಎಲ್ಲರೂ ಹೊರಟರು. ಭಾನುವಾರ ಬಂದರು ಕೂಡ, ಎದುರುಗಡೆಯ ಬಿರಿಯಾನಿಗೆ.

ಸೋಮವಾರ ಬೆಳಿಗ್ಗೆ ಅವನು ಹಡಗಿನವರಿಗೆ ಫೋನು ಮಾಡಿದ. ಆಮೇಲೆ ನನ್ನ ಕಡೆ ತಿರುಗಿ, "ಹೊರಡೋಕೆ ನೀನು ದಿನ ನೋಡ್ಬೇಡ," ಅಂದ.

ಅಭ್ಯಾಸಬಲದಿಂದ ನೋಡಿಯಾಗಿತ್ತು. ದೂರ ಪ್ರಯಾಣಕ್ಕೆ ಆ ವಾರವೆಲ್ಲ ಪ್ರಶಸ್ತವಾಗಿತ್ತು.