ನಬೀ ಸಾಬರು ಎರಡು ಸಲ ಕೊರೆದ ಡಬರಿ

ಶ್ರೀನಿವಾಸಪುರದ ಪಾತ್ರೆ ಅಂಗಡಿಯೊಂದರ ಜಗಲಿಯ ಮೇಲೆ ಕುಳಿತು ನಬೀ ಸಾಬರು ಮೂವತ್ತೆರಡು ವರ್ಷಗಳಿಂದ ಪಾತ್ರೆಗಳಿಗೆ ಹೆಸರು ಕೊರೆಯುತ್ತಿದ್ದಾರೆ. ಕೈಯಲ್ಲಿರುವ ಪುಟ್ಟ ಯಂತ್ರ ಗುಂಯ್ ಎನ್ನುತ್ತದೆ. ಚುಕ್ಕೆಗೆ ಚುಕ್ಕೆ ಸೇರಿ ಅಕ್ಷರ ಮೂಡುತ್ತದೆ. ಮನೆಯ ಮಾತು ದಖನಿ, ಕೊರೆಯುವುದು ಕನ್ನಡ, ಗಿರಾಕಿಗಳೊಡನೆ ಹರಟುವುದು ತೆಲುಗು. ಯಾರ ಮನೆಯ ಹೆಣ್ಣು ಯಾವ ಊರಿಗೆ ಹೋಯಿತು, ಸೋದರಮಾವ ಕೊಟ್ಟದ್ದು ಬಿಂದಿಗೆಯೋ ಬರೀ ಲೋಟವೋ ಎಂಬುದೆಲ್ಲ ಅವರಿಗೆ ಬಾಯಿಪಾಠ.

ಎರಡು ವರ್ಷಗಳ ಹಿಂದೆ, ಕೆರೆಯ ದಾರಿಯ ಕಸದ ರಾಶಿಯಲ್ಲಿ ಯಾರೋ ಎಸೆದಿದ್ದ ಮಗುವಿನ ಮೂರು ಗಾಲಿಯ ಸೈಕಲ್ಲನ್ನು ಅವರು ಎತ್ತಿ ತಂದರು. ತೊಳೆದು ಜಗಲಿಯ ಮೇಲಿಟ್ಟರು. ಮಧ್ಯಾಹ್ನದೊಳಗೆ ಒಬ್ಬ ತಾಯಿ ಕೇಳಿಕೊಂಡು ಒಯ್ದಳು. ಮರುದಿನವೇ ಗೋಡೆಯ ಮೇಲೆ ಸೀಮೆಸುಣ್ಣದ ಬರಹ ಕಾಣಿಸಿತು: 'ಬೇಡವಾದದ್ದನ್ನು ಇಲ್ಲಿಡಿ. ಬೇಕಾದದ್ದನ್ನು ಒಯ್ಯಿರಿ. ಊನವಿದ್ದರೆ ಹೇಳಿರಿ.'

ಆ ಕೊನೆಯ ಮಾತಿನಲ್ಲಿ ಅವರು ಬಲು ಕಟ್ಟುನಿಟ್ಟು. ತಂದವರನ್ನು ವಿಚಾರಿಸಿ, ಪ್ರತಿಯೊಂದಕ್ಕೂ ಒಂದು ಚೀಟಿ ಅಂಟಿಸುವರು. 'ಫ್ಯಾನು ತಿರುಗುತ್ತದೆ, ಗೊಣಗುತ್ತದೆ.' 'ಕುರ್ಚಿ ಗಟ್ಟಿಯಾಗಿದೆ, ದಪ್ಪಗಿರುವವರು ಕೂರಬಾರದು.' ಅಂಗಡಿಯ ಮಾಲೀಕ ಚಂದ್ರಮೋಹನ್ ಈ ಎರಡನೆಯ ಚೀಟಿಯನ್ನು ಓದಿ, "ಸಾಬರೇ, ಇದು ನನ್ನ ನೋಡಿ ಬರೆದದ್ದೋ?" ಎಂದು ಕೇಳಿದರಂತೆ. "ಇಲ್ಲ ಸ್ವಾಮಿ, ಕುರ್ಚಿ ನೋಡಿ ಬರೆದದ್ದು," ಎಂದರಂತೆ ಇವರು.

ಹೀಗೆ ಮಿಕ್ಸಿ, ಮಂಚ, ಕಂಬಳಿ, ಇಸ್ತ್ರಿಪೆಟ್ಟಿಗೆ ಎಲ್ಲವೂ ಊರೊಳಗೇ ಮನೆ ಬದಲಾಯಿಸಿದವು. ಕದಲದೆ ಉಳಿದವು ಪಾತ್ರೆಗಳು ಮಾತ್ರ. ನಮ್ಮ ಸೀಮೆಯಲ್ಲಿ ಹೆಸರಿಲ್ಲದ ಪಾತ್ರೆಯೇ ಇಲ್ಲ. ಪರರ ಹೆಸರಿರುವ ಪಾತ್ರೆ ಮನೆಗೆ ಬಂದರೆ ನೆರೆಹೊರೆಯವರು ಏನೆಂದುಕೊಂಡಾರು ಎಂಬ ಅಳುಕು. ತಮ್ಮ ಕೈಬರಹವೇ ಪಾತ್ರೆಗಳನ್ನು ಕಟ್ಟಿಹಾಕಿದೆ ಎಂದು ಸಾಬರು ಪೇಚಾಡುತ್ತಿದ್ದರು.

ಕಳೆದ ಮಾಘದಲ್ಲಿ ನನ್ನ ಹೆಂಡತಿ ತಿರುಮಲಮ್ಮ ಅಟ್ಟದಿಂದ ದೊಡ್ಡದೊಂದು ಸ್ಟೀಲ್ ಡಬರಿಯನ್ನು ಇಳಿಸಿ ಜಗಲಿಗೆ ಕಳುಹಿಸಿದಳು. ಅರವತ್ತು ಎಪ್ಪತ್ತು ಜನರ ಹುಳಿ ಹಿಡಿಯುವ ಪಾತ್ರೆ. ಮೇಲೆ ಸಾಬರೇ ಹಿಂದೊಮ್ಮೆ ಕೊರೆದಿದ್ದ ನನ್ನ ತಂದೆಯವರ ಹೆಸರು, 'ಮುಳಬಾಗಿಲು ಸೀತಾರಾಮಯ್ಯ'. ಅದನ್ನು ಧೈರ್ಯ ಮಾಡಿ ಒಯ್ದವಳು ಮುನಿಶಾಮಮ್ಮ. ಇಪ್ಪತ್ತು ವರ್ಷ ಬೇರೆ ಅಡುಗೆಯವರ ಕೈಕೆಳಗೆ ತರಕಾರಿ ಹೆಚ್ಚಿದ ಆಕೆಗೆ ಮೊದಲ ಬಾರಿ ಸ್ವಂತವಾಗಿ ಒಂದು ಅಡುಗೆ ಸಿಕ್ಕಿತ್ತು. ಯಲ್ದೂರಿನ ಸುನಂದಮ್ಮನ ಮೊಮ್ಮಗನ ನಾಮಕರಣ, ಭಾನುವಾರ, ಅರವತ್ತು ಎಲೆ.

ಶುಕ್ರವಾರ ಬೆಳಿಗ್ಗೆ ಆಕೆ ಡಬರಿಯನ್ನು ಆಟೋದಲ್ಲಿಟ್ಟುಕೊಂಡು ಒಲೆ ನೋಡಿ ಬರಲು ಯಲ್ದೂರಿಗೆ ಹೋದಳು. ಅಲ್ಲಿಯ ಹೆಂಗಸರು ಮೊದಲು ನೋಡಿದ್ದು ಹೆಸರನ್ನೇ. "ಎವರಿದಮ್ಮಾ ಈ ಡಬರಿ?" ಎಂದು ಒಬ್ಬಳು ತೆಲುಗಿನಲ್ಲಿ, ಯಾರ ಮನೆಯದೆಂದು ಇನ್ನೊಬ್ಬಳು ಕನ್ನಡದಲ್ಲಿ. ಕೊಟ್ಟರು ಎಂದರೆ ನಂಬುವವರಿಲ್ಲ. ಸುನಂದಮ್ಮ ಕೆಟ್ಟ ಮಾತೇನೂ ಆಡಲಿಲ್ಲ. "ಅಡುಗೆ ವಿಷಯ ನಾಳೆ ಹೇಳ್ತೀನಮ್ಮ," ಎಂದಷ್ಟೇ ಅಂದರು. ಅದರ ಅರ್ಥ ಮುನಿಶಾಮಮ್ಮನಿಗೆ ತಿಳಿಯದೆ ಇದ್ದೀತೆ? ನೇರವಾಗಿ ಸಾಬರ ಬಳಿಗೆ ಬಂದು ನಡೆದುದನ್ನು ಹೇಳಿದಳು.

ಸಾಬರು ಮರುಗಿದರು. ಮರುಗಿದವರು ಒಂದು ಗಳಿಗೆಯೂ ಯೋಚಿಸಲಿಲ್ಲ. ಉಜ್ಜುವ ಚಕ್ರವನ್ನು ಹಚ್ಚಿ ಹೆಸರನ್ನು ಸಂಪೂರ್ಣ ಅಳಿಸಿಬಿಟ್ಟರು. ನಾನೂ ತಿರುಮಲಮ್ಮನೂ ಸಂತೆಯಿಂದ ಹಿಂದಿರುಗುತ್ತ ಅಲ್ಲಿಗೆ ಬಂದದ್ದು ಆಗಲೇ. ಹೊಳೆಯುವ ಡಬರಿಯ ನಡುವೆ ಅಂಗೈಯಗಲದ ಮಂಕು ಕಲೆ.

"ಸಾಬಣ್ಣ, ಏನ್ ಕೆಲಸ ಮಾಡ್ಬಿಟ್ರಿ," ಎಂದು ಮುನಿಶಾಮಮ್ಮ ತಲೆಯ ಮೇಲೆ ಕೈಯಿಟ್ಟಳು. "ಹೆಸರಿದ್ದಾಗ ಯಾರ್ದೋ ಅಂದ್ರು. ಈಗ ಕದ್ದು ಹೆಸರು ಅಳಿಸ್ಕೊಂಡು ಬಂದವ್ಳೆ ಅಂತಾರೆ."

ಸಾಬರು ಕಲೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಮೇಷ್ಟ್ರೇ, ನಿಮ್ಮ ತಂದೆಯವರ ಹೆಸರು... ತಪ್ಪಾಯ್ತು."

ನಾನು ಉತ್ತರಿಸುವ ಮೊದಲೇ ತಿರುಮಲಮ್ಮ ನಕ್ಕಳು. "ನಮ್ಮ ಮಾವನೋರ ಹೆಸರು ಇನ್ನೂ ಹದಿನೆಂಟು ಪಾತ್ರೆ ಮೇಲಿದೆ ಬಿಡಿ. ನೀರು ಕಾಯ್ಸೋಕೆ ಹೋದ್ರೂ ಅವರೇ, ಮೊಸರು ಕಡೆಯೋಕೆ ಹೋದ್ರೂ ಅವರೇ. ಅದಿರಲಿ, ಮದುವೇಲಿ ಉಡುಗೊರೆ ಪಾತ್ರೆ ಮೇಲೆ ಏನ್ ಕೊರೀತೀರಿ?"

"ಕೊಟ್ಟೋರು ಯಾರು, ತಗೊಂಡೋರು ಯಾರು ಅಂತ."

"ಇದಕ್ಕೂ ಹಾಗೇ ಕೊರೀರಿ."

"ಹಳೇ ಪಾತ್ರೆಗೆ ಯಾರಮ್ಮ ಹಾಗೆ ಕೊರೆಸ್ತಾರೆ?"

"ಪಾತ್ರೆ ಹಳೇದು. ಕೊಡ್ತಿರೋದು ಇವತ್ತು ತಾನೇ?"

ಸಾಬರು ಯಂತ್ರವನ್ನು ಕೈಗೆತ್ತಿಕೊಂಡರು. ಕಲೆಯ ಸುತ್ತ ಮೊದಲು ಮಲ್ಲಿಗೆಯ ಬಳ್ಳಿ ಹಬ್ಬಿತು. ಅದರೊಳಗೆ, 'ಶ್ರೀನಿವಾಸಪುರದ ತಿರುಮಲಮ್ಮನವರಿಂದ ಅಡುಗೆಯ ಮುನಿಶಾಮಮ್ಮನವರಿಗೆ ಪ್ರೀತಿಯ ಕಾಣಿಕೆ' ಎಂದು ಮೂಡಿತು. ಮುನಿಶಾಮಮ್ಮ ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡಳು. ಆಕೆಯ ಮದುವೆಯ ಪಾತ್ರೆಗಳ ಮೇಲೂ ಇದ್ದದ್ದು ಅತ್ತೆ ಮಾವಂದಿರ ಹೆಸರಂತೆ.

"ಮುನಿಶಾಮಮ್ಮನ ಫೋನ್ ನಂಬರೂ ಹಾಕಿ ಸಾಬರೇ," ಎಂದಳು ನನ್ನವಳು.

"ಪಾತ್ರೆ ಮೇಲೆ ನಂಬರಾ? ಮೂವತ್ತೆರಡು ವರ್ಷದಲ್ಲಿ ಯಾರೂ ಕೇಳಿಲ್ಲ."

"ನಾನ್ ಕೇಳ್ತಿದ್ದೀನಲ್ಲ."

ಶನಿವಾರ ಮುನಿಶಾಮಮ್ಮ ಡಬರಿಯೊಡನೆ ಮತ್ತೆ ಯಲ್ದೂರಿಗೆ ಹೋದಳು. ಸುನಂದಮ್ಮ ಅದನ್ನು ತಿರುಗಿಸಿ ಓದಿದರು. "ಮೇಷ್ಟ್ರ ಮನೆ ತಿರುಮಲಮ್ಮನೋರಾ?" ಎಂದರು. ಆಮೇಲೆ ನೆನ್ನೆಯ ಮಾತನ್ನು ಎತ್ತದೆ, "ಇನ್ನೂ ಹತ್ತು ಜನ ಜಾಸ್ತಿ ಆಗ್ತಾರೆ, ಬೇಳೆ ಸ್ವಲ್ಪ ಮುಂದಾಗಿ ಹಾಕಮ್ಮ," ಎಂದರು. ನಮ್ಮಿಬ್ಬರನ್ನೂ ಸಾಬರನ್ನೂ ಊಟಕ್ಕೆ ಕರೆದುಕೊಂಡು ಬರಬೇಕೆಂದು ಆಕೆಯ ಕೈಯಲ್ಲೇ ಹೇಳಿಕಳುಹಿಸಿದರು.

ಭಾನುವಾರ ಪಂಕ್ತಿಯ ಮುಂದೆ ಬೆಂಚಿನ ಮೇಲೆ ಡಬರಿ ಕುಳಿತಿತ್ತು, ಬಳ್ಳಿಯ ಮುಖ ಜನರ ಕಡೆಗೆ. ಅವರೆಕಾಳಿನ ಹುಳಿಯ ಪರಿಮಳ ಬೀದಿಯವರೆಗೂ ಹರಡಿತ್ತು. ಸಾಬರು ಎಲೆಯ ಮುಂದೆ ಕುಳಿತಿದ್ದರೂ ಕಣ್ಣೆಲ್ಲ ತಮ್ಮ ಅಕ್ಷರಗಳ ಮೇಲೆ. ಮುನಿಶಾಮಮ್ಮ ಎರಡನೆಯ ಸುತ್ತು ಬಡಿಸುತ್ತಿದ್ದಾಗ ಆಕೆಯ ಸೊಂಟದಲ್ಲಿದ್ದ ಫೋನು ಹೊಡೆದುಕೊಂಡಿತು. ಕೈಯಲ್ಲಿ ಸೌಟು, ಎತ್ತಲಿಲ್ಲ. ನಿಂತಿತು, ಮತ್ತೆ ಹೊಡೆದುಕೊಂಡಿತು. ಸೌಟನ್ನು ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು, "ಹಲೋ, ಯಾರು?" ಎಂದಳು.

ಪಂಕ್ತಿಯ ಕೊನೆಯಲ್ಲಿ ಕುಳಿತಿದ್ದ ಸುನಂದಮ್ಮನ ಚಿಕ್ಕಪ್ಪ ವೆಂಕಟರಾಯಪ್ಪನವರು ಎಡಗೈಯಲ್ಲಿ ಫೋನು ಹಿಡಿದು ಕೈ ಬೀಸಿದರು. "ನಾನೇ ಕಣಮ್ಮ. ಬರೋ ತಿಂಗಳು ನಮ್ಮನೇಲಿ ಗೃಹಪ್ರವೇಶ ಐತೆ, ನಂಬರು ಸರಿ ಐತಾ ಅಂತ ನೋಡ್ದೆ. ಹಾಗೇ ಆ ಹುಳಿ ಇತ್ತ ತಾ."