ಬಿಚ್ಚಿ ಹೊಲಿದ ಒಪ್ಪಂದ

ವಿದೇಶಾಂಗ ಕಚೇರಿಯ ನೆಲಮಾಳಿಗೆಯಲ್ಲಿ ಮೂವತ್ತೊಂದು ವರ್ಷ ಸೂಜಿ ಹಿಡಿದು ಕೂತ ಆ ಮನುಷ್ಯನನ್ನು ಎಲ್ಲರೂ ರಟ್ಟಜ್ಜ ಎಂದೇ ಕರೆಯುತ್ತಿದ್ದರು. ದೇಶದೇಶಗಳ ಒಪ್ಪಂದಗಳಿಗೆ ರಟ್ಟು ಹಾಕಿ, ರೇಷ್ಮೆ ದಾರದಿಂದ ಹೊಲಿದು, ಗಂಟಿನ ಮೇಲೆ ಅರಗು ಬಿಡುವುದು ಅವರ ಕೆಲಸ. ದೊಡ್ಡವರು ಸಹಿ ಹಾಕಿ ಫೋಟೊಗೆ ಹಲ್ಲು ಕಿರಿಯುತ್ತಾರೆ. ಹೊಲಿದವನ ಮುಖ ಯಾರಿಗೆ ಬೇಕು ಹೇಳಿ! ರಟ್ಟಜ್ಜನೂ ಅದಕ್ಕೆ ತಲೆ ಕೆಡಿಸಿಕೊಂಡವರಲ್ಲ. ಆದರೆ ಈ ಸಲದ ಒಪ್ಪಂದ ಅವರ ನಿದ್ದೆ ಕೆಡಿಸಿತ್ತು.

ಗಡಿಯುದ್ದಕ್ಕೂ ಎರಡೂ ಕಡೆಯವರು ಹೂತಿಟ್ಟ ನೆಲಬಾಂಬುಗಳನ್ನು ಒಟ್ಟಿಗೆ ತೆಗೆಯುವ ಒಪ್ಪಂದ ಅದು. ಅವರ ಅಕ್ಕನ ಮನೆ ಇದ್ದದ್ದು ಗಡಿಯ ಹಳ್ಳಿಯಲ್ಲೇ. ಹಿತ್ತಲ ಬಾಗಿಲಿನಿಂದ ಬಾವಿಗೆ ನೂರು ಹೆಜ್ಜೆ. ಹತ್ತೊಂಬತ್ತು ವರ್ಷದಿಂದ ಆ ಬಾಗಿಲಿಗೆ ಬೀಗ. ಭಾವ ತೀರಿಕೊಂಡದ್ದು ಅಲ್ಲೇ, ನಲವತ್ತನೆಯ ಹೆಜ್ಜೆಯಲ್ಲಿ. "ನಾನು ಕಣ್ಣು ಮುಚ್ಚೋದರೊಳಗೆ ಆ ಬಾಗಿಲು ತೆಗೀತೀನೇನೋ?" ಎಂದು ಅಕ್ಕ ಫೋನಿನಲ್ಲಿ ಕೇಳಿದ್ದಳು. ಅದೇ ಗುಂಗಿನಲ್ಲಿ ರಟ್ಟಜ್ಜ ಹೊಲಿಗೆಗೆ ಕೂತಿದ್ದರು.

ಸಹಿಯ ದಿನ ಬೆಳಗ್ಗೆ ಒಂಬತ್ತಕ್ಕೆ ಕೊನೆಯ ಸಲ ಪುಟ ತಿರುವಿದಾಗ ತಪ್ಪು ಕಣ್ಣಿಗೆ ಬಿತ್ತು. ಒಪ್ಪಂದಕ್ಕೆ ಎರಡು ಪ್ರತಿ. ನಮ್ಮಲ್ಲಿ ಉಳಿಯುವ ಪ್ರತಿಯಲ್ಲಿ ನಮ್ಮ ಹೆಸರು ಮೊದಲು, ಸಹಿಯೂ ಮೊದಲು; ಅವರ ಪ್ರತಿಯಲ್ಲಿ ಅವರದು. ಯಾರೂ ಯಾರಿಗಿಂತ ಕಡಿಮೆಯಲ್ಲ ಎಂದು ತೋರಿಸಲು ಹಿಂದಿನಿಂದ ಬಂದ ಕ್ರಮ. ಅಜ್ಜ ಸಹಿಯ ಹಾಳೆಗಳನ್ನೇ ಅದಲುಬದಲು ಮಾಡಿ ಹೊಲಿದುಬಿಟ್ಟಿದ್ದರು.

ಮೇಲಧಿಕಾರಿಗೆ ಹೇಳಿದರೆ, ಸುಮ್ಮನಿರಿ ಎಂದ. ಹನ್ನೊಂದಕ್ಕೆ ಸಹಿ, ಯಾರೂ ನೋಡುವುದಿಲ್ಲ. ಈಗ ಬಿಚ್ಚಿದರೆ ಕದ್ದು ಪುಟ ಬದಲಿಸಿದರೆಂದು ಎದುರು ಕಡೆಯವರು ಎದ್ದು ಹೋಗುತ್ತಾರೆ. ಹಿಂದೆ ಎರಡು ಸಲ ಇದಕ್ಕಿಂತ ಸಣ್ಣ ವಿಷಯಕ್ಕೆ ಎದ್ದು ಹೋಗಿದ್ದರು, ಆ ಮಾತು ಸುಳ್ಳಲ್ಲ. ಆದರೆ ನಾಳೆ ಯಾವನೋ ತಕರಾರಿನವನು ಇದೇ ಹಾಳೆ ಹಿಡಿದು ಒಪ್ಪಂದವೇ ನಡೆಯದು ಎಂದರೆ? ಬಾಂಬು ತೆಗೆಯುವವರು ಅರ್ಧ ದಾರಿಯಲ್ಲಿ ಕೆಲಸ ಬಿಡುತ್ತಾರೆ. ಉಳಿದರ್ಧದಲ್ಲಿ ಅಕ್ಕ ಕಾಲಿಡುತ್ತಾಳೆ.

ರಟ್ಟಜ್ಜ ಎರಡೂ ಪ್ರತಿಗಳನ್ನು ಎದೆಗವಚಿಕೊಂಡು ನೆಟ್ಟಗೆ ಎದುರು ಕಡೆಯವರ ಕೋಣೆಗೆ ನಡೆದರು. ಅಲ್ಲಿ ಕಾಗದಪತ್ರ ನೋಡಿಕೊಳ್ಳುವ ಹೆಂಗಸು ಕನ್ನಡಕ ಏರಿಸಿದಳು.

"ತಪ್ಪು ನಂದು ಮೇಡಂ. ನಿಮ್ಮ ಕಣ್ಣೆದುರಿಗೇ ಬಿಚ್ಚಿ ಹೊಲೀತೀನಿ. ಒಂದೊಂದು ಹಾಳೆನೂ ನೀವೇ ನೋಡ್ಕೊಳ್ಳಿ."

ಅವಳು ಎರಡೂ ಪ್ರತಿಗಳ ಸಹಿಯ ಹಾಳೆ ತೆಗೆದು ನೋಡಿದಳು. ಆಮೇಲೆ ಬಾಗಿಲು ಹಾಕಿ, ಕುರ್ಚಿ ಎಳೆದು ಕೂತು, ಒಂದಕ್ಷರ ಬಿಡದೆ ಓದಿದಳು. ಸೂಜಿಯ ಕಣ್ಣಿಗೆ ದಾರ ಪೋಣಿಸಲಾಗದೆ ಅಜ್ಜ ಒದ್ದಾಡುವಾಗ ಸೂಜಿ ಕಸಿದುಕೊಂಡು ತಾನೇ ಪೋಣಿಸಿ ಕೊಟ್ಟಳು. ಸಹಿ ಇಪ್ಪತ್ತು ನಿಮಿಷ ತಡವಾಯಿತು, ಅಷ್ಟೇ.

ಮೇಲಧಿಕಾರಿ ಮಾತ್ರ ಬಿಡಲಿಲ್ಲ. ಆ ತಪ್ಪು ರಟ್ಟಜ್ಜನ ಸೇವಾ ಕಡತ ಸೇರಿತು. ನಿವೃತ್ತಿಯ ದಿನ ಬೀಳ್ಕೊಡುಗೆಯೂ ಇಲ್ಲದೆ ರಟ್ಟಜ್ಜ ತಮ್ಮ ಕತ್ತರಿ, ಸೂಜಿ ಚೀಲಕ್ಕೆ ಹಾಕಿಕೊಂಡು ಒಬ್ಬರೇ ಮೆಟ್ಟಿಲು ಹತ್ತಿದರು. ಬೇಸರವಾಗಲಿಲ್ಲವೇ? ಆಯಿತು, ಆಗದೆ ಇರುತ್ತದೆಯೇ!

ಎರಡು ವರ್ಷ ಕಳೆದು ಅಕ್ಕ ಕರೆಸಿದಳು. ನೆಲ ಚೊಕ್ಕವಾಗಿದೆ ಎಂದು ಎರಡೂ ದೇಶದವರು ಬರೆದುಕೊಟ್ಟಿದ್ದರು. ಅಕ್ಕ ಬೀಗ ತೆಗೆದು, ಕೊಡ ಹಿಡಿದು ಹೊರಟವಳು ನಲವತ್ತನೆಯ ಹೆಜ್ಜೆಯ ಹತ್ತಿರ ಗಕ್ಕನೆ ನಿಂತಳು. ಕೂತು ಅಂಗೈಯಿಂದ ನೆಲ ಸವರಿದಳು. ರಟ್ಟಜ್ಜ ಅತ್ತುಬಿಟ್ಟರು.

"ಅಳೋದು ಆಮೇಲೆ. ಹೊಲಿದವನು ನೀನು ತಾನೆ? ಮುಂದೆ ನೀನು ನಡಿ," ಎಂದಳು ಅಕ್ಕ.

ರಟ್ಟಜ್ಜ ಚಪ್ಪಲಿ ಬಿಟ್ಟು ಮುಂದೆ ನಡೆದರು. ಅವರ ಹೆಜ್ಜೆಯ ಮೇಲೇ ಹೆಜ್ಜೆಯಿಡುತ್ತ ಅಕ್ಕ ಬಾವಿಯವರೆಗೆ ಬಂದಳು.