ಜೂನ್ ಒಂದಕ್ಕೆ ಹುಟ್ಟಿದವರು

ನನ್ನ ಅಪ್ಪ ಹೊಳಿಯಪ್ಪನಿಗೆ ಐದು ಭಾಷೆ ಬರುತ್ತವೆ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ಓದಿ ಈಗ ಗದಗಿನಲ್ಲಿ ನರ್ಸಿಂಗ್ ಎರಡನೇ ವರ್ಷದಲ್ಲಿರುವ ನನಗೆ ಬರುವುದು ಎರಡೂವರೆ! ಅಪ್ಪ ಏಳನೇ ಇಯತ್ತೆಗೆ ಸಾಲಿ ಬಿಟ್ಟವನು, ನಮ್ಮೂರು ಅಸೂಟಿಯ ಗವಂಡಿ, ಗಾರೆ ಕೆಲಸದವನು. ಹನ್ನೊಂದು ವರ್ಷದಿಂದ ಓಮನ್ನಿನ ಸಮುದ್ರದ ದಂಡೆಯಲ್ಲಿ ಬಂದರು ಕಟ್ಟುತ್ತಿದ್ದಾನೆ. ಹಿಂದಿ, ಉರ್ದು, ನೇಪಾಳಿ, ಕೆಲಸಕ್ಕೆ ಸಾಕಾಗುವಷ್ಟು ಅರಬ್ಬಿ, ಎಲ್ಲ ಅಲ್ಲೇ ಕಲಿತದ್ದು.

"ಏನ್ ಮಾಡೂದವಾ, ಕಬ್ಬಿಣ ಕಟ್ಟಾಂವ ನೇಪಾಳದಾಂವ, ಸೆಂಟ್ರಿಂಗ್ ಹೊಡಿಯಾಂವ ಬಾಂಗ್ಲಾದಾಂವ, ಕಾಂಕ್ರೀಟ್ ಹಾಕಾಂವ ನಾನು. ಒಬ್ಬನ ಮಾತ ಇನ್ನೊಬ್ಬಗ ತಿಳೀಲಿಲ್ಲಂದ್ರ ಗ್ವಾಡಿ ಸೊಟ್ಟ ಆಗತೈತಿ," ಅನ್ನುತ್ತಾನೆ.

ಇಂಥ ಅಪ್ಪನನ್ನು ಹೋದ ವರ್ಷ ಫೆಬ್ರವರಿಯಲ್ಲಿ 'ಸುಳ್ಳು ಕಾಗದದವ' ಅಂತ ವಾಪಸ್ ಕಳಿಸಲು ಹೊರಟಿದ್ದರು. ಅದು ತಪ್ಪಿದ್ದು ಹೇಗೆ ಅನ್ನುವುದನ್ನು ನಾನು ನಮ್ಮ ಹಾಸ್ಟೆಲ್ಲಿನ ಪ್ರತಿ ರೂಮಿನಲ್ಲೂ ಹೇಳಿ ಮುಗಿಸಿದ್ದೇನೆ, ಈಗ ಬರೆಯುತ್ತಿದ್ದೇನೆ.

ಅಪ್ಪ ಕೆಲಸ ಮಾಡುತ್ತಿದ್ದ ತಂಡವನ್ನು ಆ ತಿಂಗಳು ಹೊಸ ಕಂಪನಿಯೊಂದು ವಹಿಸಿಕೊಂಡಿತು. ಎಲ್ಲರ ಪಾಸ್‌ಪೋರ್ಟ್ ಹೊಸದಾಗಿ ನೋಡಲು ಸಾಲಿಂ ಎಂಬ ಅಧಿಕಾರಿ ಬಂದರು, ಓಮನ್ನಿನವರೇ. ಅಪ್ಪ, ನಮ್ಮೂರಿನವರೇ ಆದ ದುರಗೇಶ ಮಾಮಾ, ಮೋದಿನಸಾಬ ಕಾಕಾ, ಮೂವರ ಪಾಸ್‌ಪೋರ್ಟನ್ನೂ ಅವರು ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೂರರಲ್ಲೂ ಹುಟ್ಟಿದ ದಿನ ಜೂನ್ ಒಂದು. ವರ್ಷ ಮಾತ್ರ ಬೇರೆ.

ಒಂದೇ ಊರಿನ ಮೂವರು, ಮೂರು ಮನೆ, ಒಂದೇ ದಿನ? ಯಾವನೋ ಏಜೆಂಟ್ ಕೂತು ತಯಾರಿಸಿದ ಕಾಗದ ಅಂತ ಅವರಿಗೆ ಖಾತ್ರಿಯಾಯಿತು. ಬುಧವಾರದೊಳಗೆ ಪುರಾವೆ ತೋರಿಸಬೇಕು, ಇಲ್ಲದಿದ್ದರೆ ವೀಸಾ ರದ್ದು, ಗುರುವಾರದ ವಿಮಾನ. ಒಮ್ಮೆ ಹಾಗೆ ಬಂದರೆ ಮತ್ತೆ ಹೋಗುವುದು ಕನಸೇ. ಅಪ್ಪ ಬಂದರೆ ನನ್ನ ನರ್ಸಿಂಗ್ ಅಲ್ಲಿಗೇ ನಿಲ್ಲುತ್ತದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಸೋಮವಾರ ಸಂಜೆ ಅಪ್ಪ ಫೋನ್ ಮಾಡಿದ. ಮಂಗಳವಾರ ಬೆಳಗಿನ ಮೊದಲ ಬಸ್ಸಿಗೇ ನಾನು ಗದಗಿನಿಂದ ಅಸೂಟಿಗೆ ಹೊರಟೆ. ಮನೆ ಮುಟ್ಟಿದವಳೇ ಚಪ್ಪಲಿ ಸಹ ಬಿಡದೆ ಅಜ್ಜಿ ಗುಡ್ಡವ್ವನನ್ನು ಕೇಳಿದೆ, "ಅಜ್ಜೀ, ಅಪ್ಪ ಖರೇ ಹುಟ್ಟಿದ್ದು ಯಾವಾಗ?"

"ಸೀತನಿ ಕಾಲದಾಗವಾ. ಸುಟ್ಟ ಜ್ವಾಳದ ತೆನಿ ಇನ್ನೂ ಕೈಯಾಗ ಇತ್ತು, ಬ್ಯಾನಿ ಬಂತು ನೋಡು. ತಿನ್ನಾಕ ಸೈತ ಬಿಡಲಿಲ್ಲ ನಿಮ್ಮಪ್ಪ."

"ಯಾವ ವರ್ಷ?"

"ಕರಿ ಎತ್ತ ಸತ್ತ ವರ್ಷ."

ಇದನ್ನು ಓಮನ್ನಿಗೆ ಹೇಗೆ ಕಳಿಸುವುದು ಹೇಳಿ! ಸಾಲಿಗೆ ಓಡಿದೆ. ಅಲ್ಲಿನ ಹೆಡ್ ಅಕ್ಕೋರು ಪಾಪ, ಪಾಠ ಬಿಟ್ಟು ಬಂದು, ಕಪಾಟಿನ ತಳದಿಂದ ಸಾವಿರದ ಒಂಬೈನೂರ ಎಂಬತ್ತೈದರ ದಾಖಲಾತಿ ಪುಸ್ತಕ ತೆಗೆದು, ಧೂಳು ಝಾಡಿಸಿ ಕೊಟ್ಟರು. ಅಪ್ಪನ ಹೆಸರು, ಅಜ್ಜನ ಹೆಸರು, ಅದೇ ಪುಟದಲ್ಲಿ ದುರಗೇಶ ಮಾಮಾ, ಮೋದಿನಸಾಬ ಕಾಕಾನ ಹೆಸರೂ, ಸಾಲಿಯ ದುಂಡು ಮೊಹರಿನ ಶಿಕ್ಕಾ, ತಾರೀಖು ಜೂನ್ ಒಂದು. ಸಿಕ್ಕಿತು! ಇಡೀ ಪುಟದ ಫೋಟೊ ಹೊಡೆದು ಅಪ್ಪನಿಗೆ ಕಳಿಸಿಯೇ ಬಿಟ್ಟೆ.

ಕಳಿಸಿದ ಮೇಲೆ ಪುಟವನ್ನು ಸರಿಯಾಗಿ ನೋಡಿದೆ. ಆ ಪುಟದಲ್ಲಿದ್ದ ನಲವತ್ತೊಂದು ಮಕ್ಕಳಲ್ಲಿ ಮೂವತ್ತೆಂಟು ಮಂದಿ ಹುಟ್ಟಿದ್ದು ಜೂನ್ ಒಂದಕ್ಕೆ.

"ಅಕ್ಕೋರ, ಇದೇನ್ರಿ ಇದು?"

"ಆಗ ಹಂಗ ಇತ್ತವಾ. ಸಾಲಿ ಸುರು ಆಗೂದು ಜೂನ್‌ದಾಗ. ಹುಡುಗಗ ವಯಸ್ಸು ತುಂಬಿರಬೇಕು. ಅವ್ವ ಅಪ್ಪಗ ತಾರೀಖ ಗೊತ್ತಿರತಿರಲಿಲ್ಲ, ಮಾಸ್ತರು ಜೂನ್ ಒಂದು ಅಂತ ಬರದು ಒಳಗ ಕುಂದ್ರಸತಿದ್ರು."

ಮೂವರ ಮೇಲಿದ್ದ ಸಂಶಯಕ್ಕೆ ನಾನೇ ನನ್ನ ಕೈಯಾರೆ ಇನ್ನೂ ಮೂವತ್ತೈದು ಮಂದಿಯನ್ನು ಸೇರಿಸಿ ಕಳಿಸಿದ್ದೆ!

ಬುಧವಾರ ಆದದ್ದೂ ಅದೇ. ಆಮೇಲಿನದು ಅಪ್ಪ ಹೇಳಿದ್ದು. ಸಾಲಿಂ ಸಾಹೇಬರು ಫೋಟೊ ದೊಡ್ಡದು ಮಾಡಿ ನೋಡಿದರು, ಬೆರಳಿಟ್ಟು ಒಂದೊಂದೇ ಸಾಲು ಇಳಿದರು, ಆಮೇಲೆ ಕನ್ನಡಕ ತೆಗೆದು ಕೇಳಿದರಂತೆ, ನಿಮ್ಮೂರಿನಲ್ಲಿ ಉಳಿದ ದಿನಗಳಲ್ಲಿ ಹೆಂಗಸರು ಹೆರುವುದೇ ಇಲ್ಲವೇ?

ಅಪ್ಪ ತನಗೆ ಬರುವ ಐದೂ ಭಾಷೆಯನ್ನು ಕಲಸಿ ಏನೋ ಹೇಳಹೊರಟ. ಆಗ ಹಿಂದೆ ಸರದಿಯಲ್ಲಿ ಯಾರೋ ಜೋರಾಗಿ ನಕ್ಕರು. ಕ್ರೇನ್ ನಡೆಸುವ ಇನಾಯತ. ಪಾಕಿಸ್ತಾನದ ಸಿಂಧ್ ಕಡೆಯ ಹಳ್ಳಿಯವರು. ಅಪ್ಪನ ಡಬ್ಬಿಯ ಕಡಕ್ ರೊಟ್ಟಿಯನ್ನು ಮೊದಲ ಸಲ ಕಂಡಾಗ, "ಇದು ನಮ್ಮವ್ವ ಮಾಡೂದು" ಅಂತ ಕಸಿದುಕೊಂಡು ತಿಂದವರು. ಅವರ ಕಡೆಯೂ ಜೋಳದ ರೊಟ್ಟಿಯಂತೆ! ಅಂದಿನಿಂದ ಒಂಬತ್ತು ವರ್ಷದ ದೋಸ್ತಿ.

ಅವತ್ತು ಇನಾಯತ ಕಾಕಾನ ಕಾಗದದ ತಪಾಸಣೆ ಇನ್ನೂ ಆಗಿರಲಿಲ್ಲ. ಸುಮ್ಮನೆ ನಿಲ್ಲಬಹುದಿತ್ತು. ಸುಮ್ಮನೆ ನಿಂತಿದ್ದರೆ ಅವರನ್ನು ಯಾರೂ ಬೈಯುತ್ತಿರಲಿಲ್ಲ. ಆದರೆ ಸರದಿ ಬಿಟ್ಟು ಮುಂದೆ ಬಂದು ತಮ್ಮ ಪಾಸ್‌ಪೋರ್ಟನ್ನು ಆ ಮೂರರ ಪಕ್ಕದಲ್ಲಿಟ್ಟರು. ಜನವರಿ ಒಂದು.

"ಏನಂದಾ ಗೊತ್ತೇನವಾ?" ಇದನ್ನು ಹೇಳುವಾಗ ಅಪ್ಪ ಪ್ರತಿ ಸಲ ಎದ್ದು ನಿಲ್ಲುತ್ತಾನೆ. "'ಸಾಹೇಬ್ರ, ಇವರು ಕಳ್ಳರಾದ್ರ ನಾನೂ ಕಳ್ಳನ. ನನ್ನನ್ನೂ ಅದ ವಿಮಾನಕ್ಕ ಹತ್ತಸ್ರಿ. ಇವರ ಮಾಸ್ತರ ಜೂನ್ ಅಂದಾ, ನಮ್ಮ ಗುಮಾಸ್ತ ಜನವರಿ ಅಂದಾ. ಅವ್ವಂದಿರನ್ನ ಯಾರ್ ಕೇಳ್ಯಾರ?' ಅಂದಾ. ನನಗ ಅಲ್ಲೇ ಕಣ್ಣಾಗ ನೀರು."

ಸಾಲಿಂ ಸಾಹೇಬರು ನಾಲ್ಕೂ ಪಾಸ್‌ಪೋರ್ಟ್ ಒಂದರ ಪಕ್ಕ ಒಂದು ತೆರೆದಿಟ್ಟರಂತೆ. ಆಮೇಲೆ ದನಿ ಇಳಿಸಿ ಅಪ್ಪನನ್ನು ಕೇಳಿದರು: ನಿನ್ನ ತಾಯಿ ಏನು ಹೇಳುತ್ತಾಳೆ?

ಅಪ್ಪ ಹೇಳಿದ. ಎಳೆ ತೆನೆ ಸುಟ್ಟು ತಿನ್ನುವ ಕಾಲ, ಕರಿ ಎತ್ತು ಸತ್ತ ವರ್ಷ.

ಅವರು ಮೊದಲ ಸಲ ನಕ್ಕರು. ಅವರ ತಂದೆಯೂ ಗುಡ್ಡದ ಹಳ್ಳಿಯವರಂತೆ. ಖಜೂರ ಇಳಿಸುವ ಕಾಲದಲ್ಲಿ, ಸುಡುಸುಡು ಬಿಸಿಲಿನಲ್ಲಿ ಹುಟ್ಟಿದವರು. ಅವರ ಗುರುತಿನ ಕಾರ್ಡಿನಲ್ಲಿರುವುದೂ ಜನವರಿ ಒಂದೇ! ಮತ್ತೆ ಅದೇ ಫೋಟೊ ತೆರೆದು, ಈ ಸಲ ತಾರೀಖು ಬಿಟ್ಟು, ಕನ್ನಡದ ಹೆಸರುಗಳನ್ನು ಅಪ್ಪನಿಂದ ಓದಿಸಿ, ಶಿಕ್ಕಾ, ಹುಟ್ಟಿದ ವರ್ಷ ನೋಡಿದರು. ಮೂವರದೂ ಪಾಸ್‌ಪೋರ್ಟಿಗೆ ತಾಳೆಯಾಯಿತು. ಸಹಿ ಹಾಕಿದರು. ಗುರುವಾರದ ವಿಮಾನ ನಮ್ಮವರನ್ನು ಬಿಟ್ಟು ಹೋಯಿತು. ನಾನು ಹಾಸ್ಟೆಲ್ ಕಾರಿಡಾರಿನಲ್ಲಿ ಕುಣಿದದ್ದನ್ನು ನೋಡಿ ವಾರ್ಡನ್ ಮೇಡಂ ಬೈದರು, ಕಥೆ ಕೇಳಿ ತಾವೂ ನಕ್ಕರು. ಅವರದೂ ಜೂನ್ ಒಂದಂತೆ.

ಮೇ ತಿಂಗಳಲ್ಲಿ ಅಪ್ಪ ರಜೆಗೆ ಬಂದ. ಇನಾಯತ ಕಾಕಾ ಕಳಿಸಿದ ಖಜೂರದ ಡಬ್ಬಿ ತಂದಿದ್ದ. ಇನಾಯತ ಕಾಕಾ ತಾವೇ ನಮ್ಮೂರಿಗೆ ಬರುವುದು ಅಷ್ಟು ಸುಲಭವಲ್ಲ, ಖಜೂರವಾದರೂ ಬಂತಲ್ಲ! ಆ ಡಬ್ಬಿ ಹಿಡಿದು, ನನ್ನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಅಪ್ಪ ಸೀದಾ ಹೋದದ್ದು ಗಜೇಂದ್ರಗಡಕ್ಕೆ, ಮಾಳಿಂಗರಾಯ ಮಾಸ್ತರರ ಮನೆಗೆ. ಎಂಬತ್ತೈದರಲ್ಲಿ ನಮ್ಮ ಓಣಿಗೆ ತಾವೇ ನಡೆದು ಬಂದು, ದನ ಕಾಯುತ್ತಿದ್ದ ಅಪ್ಪನ ಕೈ ಹಿಡಿದು ಸಾಲಿಗೆ ಕರೆದೊಯ್ದವರು, ಆ ಪುಟ ಬರೆದವರು. ಈಗ ಎಂಬತ್ತು ದಾಟಿದೆ. ಕಿವಿ ಮಂದ, ನೆನಪು ಚುರುಕು.

ಕಥೆಯನ್ನೆಲ್ಲ ಕೇಳಿ ಮಾಸ್ತರು ಪೇಚಾಡಿದರು. "ತಪ್ಪು ನಂದಪಾ, ಹೊಳಿಯಪ್ಪಾ. ನಿಮ್ಮವ್ವ ಸೀತನಿ ಕಾಲ ಅಂತ ಸ್ಪಷ್ಟ ಹೇಳಿದ್ಲು. ಆದ್ರ ಸೀತನಿ ಅಂತ ತಾರೀಖಿನ ಕಾಲಂದಾಗ ಹ್ಯಾಂಗ ಬರೀಲಿ? ನನ್ನಿಂದ ನಿನಗ ತ್ರಾಸಾತು."

ಅಪ್ಪ ಅವರ ಕಾಲು ಮುಟ್ಟಿ ಅಲ್ಲೇ ಕೂತ. "ಏನ್ ಮಾತಾಡ್ತೀರಿ ಸರ? ನೀವು ಅವತ್ತ ಏನಾರ ಒಂದು ಬರದ್ರಿ, ಅದಕ್ಕ ನನಗೊಂದು ಪಾಸ್‌ಪೋರ್ಟ್ ಆತು. ಬರೀದ ಬಿಟ್ಟಿದ್ರ ನಾ ಇನ್ನೂ ದನದ ಹಿಂದ ಇರತಿದ್ದೆ. ಈಕಿ ನೋಡ್ರಿ ನನ್ನ ಮಗಳು, ಅನಿತಾ. ನರ್ಸ್ ಆಗತಾಳ. ಈಕಿದು ಮಾತ್ರ ಖರೇ ತಾರೀಖ ಐತ್ರಿ, ಹುಟ್ಟಿದ ದಿನಾನ ಮನಿ ಕಟ್ಟಿಯ ಹಸಿ ಸಿಮೆಂಟಿನ ಮ್ಯಾಲ ಮೊಳಿಲೆ ಬರದೇನಿ. ಗಂಟಿ, ನಿಮಿಷ ಸೈತ!"

ಹೌದು, ಆ ಬರಹ ಈಗಲೂ ಇದೆ. ಅದರ ಮೇಲೆಯೇ ಕೂತು ಓದಿ ನಾನು ದೊಡ್ಡವಳಾದದ್ದು.

ಮಾಸ್ತರು ಒಂದು ಖಜೂರ ಬಾಯಿಗೆ ಹಾಕಿ, ನಿಧಾನ ಚಪ್ಪರಿಸಿ, ಮೆಲ್ಲಗೆ ಅಂದರು, "ಖರೇ ಹೇಳಬೇಕಂದ್ರ ನಂದೂ ಜೂನ್ ಒಂದನ."

ನಾವು ನಕ್ಕು ನಕ್ಕು ಸುಸ್ತಾದೆವು. ಅವರು ಮಾತ್ರ ಬೀಜ ಉಗಿದು, ಗಂಭೀರವಾಗಿ ಕೇಳಿದರು, "ಈ ಖಜೂರ ಕೊಟ್ಟಾಂವ?"

"ಜನವರಿ ಒಂದ್ರಿ ಸರ."

"ಹಂಗಾರ ನಮಗೆಲ್ಲಾ ಐದು ತಿಂಗಳು ದೊಡ್ಡಾಂವ. ಮಾಸ್ತರು ನಮಸ್ಕಾರ ಹೇಳ್ಯಾರಂತ ಹೇಳಪಾ ಅವಗ."